ಹಳೆ ಮನೆಯ ಅಡುಗೆ ಕಟ್ಟೆಗೆ ಲಿನೋಲಿಯಂ: ನಮ್ಮ ಮಳೆಗೆ ತಡೆಯುತ್ತದಾ?

ತುಂಗೆ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳೆ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಚ್ಚಿಗೆಗೆ ಹಲಸಿನ ಹಲಗೆ. ಈ ಬೇಸಿಗೆಯಲ್ಲಿ ಅಡುಗೆ ಮನೆ ರಿಪೇರಿಗೆ ಕೈ ಹಾಕಿದ್ದೇವೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು.

ಅಡುಗೆ ಕಟ್ಟೆ ಸಿಮೆಂಟಿನದು, ಮೇಲೆ ಕಾವಿ. ಒಂಬತ್ತು ಅಡಿ ಉದ್ದ. ಬಚ್ಚಲ ಕಡೆಯ ಮೂಲೆ ಪುಡಿಪುಡಿ ಆಗಿದೆ. ನೋಡಿದವರೆಲ್ಲ ಗ್ರಾನೈಟ್ ಹಾಕಿಸಿ ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಆ ಮನೆಯ ಮಬ್ಬು ಬೆಳಕಿಗೆ ಗ್ರಾನೈಟಿನ ಹೊಳಪು ಸೇರುವುದಿಲ್ಲ. ಮಳೆಗಾಲದಲ್ಲಿ ಕೈಯಿಟ್ಟರೆ ಥಂಡಿ ಹೊಡೆಯುತ್ತದೆ. ಗಾಜಿನ ಲೋಟ ಜಾರಿದರೆ ಮುಗಿಯಿತು.

ಅಟ್ಟ ಖಾಲಿ ಮಾಡುವಾಗ ಅಜ್ಜನ ಬರೆಯುವ ಮೇಜು ಸಿಕ್ಕಿತು. ಮೇಲೆ ಕಡು ಹಸಿರು ಹಾಳೆ ಅಂಟಿಸಿದ್ದಾರೆ. ಇಲ್ಲಣ ಒರೆಸಿ ನೋಡಿದರೆ ಹಾಳೆ ಇನ್ನೂ ಗಟ್ಟಿ ಇದೆ. ಮುಟ್ಟಿದರೆ ಚರ್ಮದ ಹಾಗೆ ಬೆಚ್ಚಗೆ. ಬಲಗಡೆ ಮೂಲೆಯಲ್ಲಿ ಮಾತ್ರ ಒಂದು ರೂಪಾಯಿ ಅಗಲದ ಕಪ್ಪು ಗುಳಿ ಇದೆ. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಸುತ್ತ ಎಲ್ಲ ಚೆನ್ನಾಗಿದ್ದು ಅಲ್ಲಿ ಮಾತ್ರ ಯಾಕೆ ಹಾಗಾಯಿತೋ ಗೊತ್ತಾಗಲಿಲ್ಲ.

ಅಪ್ಪ "ಅದು ಲಿನೋಲಿಯಂ" ಅಂದರು. ಇದನ್ನೇ ಅಡುಗೆ ಕಟ್ಟೆಗೆ ಹಾಕಿದರೆ ಹೇಗೆ? ಯಾರಾದರೂ ಹಾಕಿದ್ದೀರಾ?

ಸೊರಬದ ಸೊಸೆ:
ದಯವಿಟ್ಟು ಬೇಡ. ನಾವು ನಡುಮನೆಗೆ ಲಿನೋಲಿಯಂ ಹಾಸಿ ಅನುಭವಿಸಿದ್ದೇವೆ. ಅಂಗಡಿಯವರು ನೀರು ತಾಗಿದರೂ ಏನೂ ಆಗಲ್ಲ ಅಂತ ಹೇಳಿ ಕೊಟ್ಟರು. ಮರದ ಪಟ್ಟಿಯ ಡಿಸೈನು, ನೋಡಲು ಚೆಂದವೇ ಇತ್ತು. ಆಶ್ಲೇಷ ಮಳೆಗೆ ನೆಲದಲ್ಲಿ ಜಲ ಎದ್ದಿತು. ಕಾಲಿಟ್ಟರೆ ಪಚಕ್ ಪಚಕ್ ಶಬ್ದ. ಮೂಲೆ ಎತ್ತಿ ನೋಡಿದೆ. ಅಡಿಯಲ್ಲಿ ಪೂರ್ತಿ ಕಪ್ಪು ಬೂಷ್ಟು, ಗೋಡೆ ಬುಡದಲ್ಲಿ ಒರಲೆ ಮಣ್ಣು ಕಟ್ಟಿತ್ತು. ಅತ್ತೆಗೆ ಮೊದಲೇ ಉಬ್ಬಸ. ಆ ವಾಸನೆಗೆ ಒಂದು ವಾರ ಮಲಗಲಿಲ್ಲ. ಎಲ್ಲ ಕಿತ್ತು ಬಿಸಾಕಿದೆವು.

ಸಾಗರದ ಬಡಗಿ:
ಅಕ್ಕಾ, ನಿಮಗೆ ಆದ ತೊಂದರೆ ನಿಜ. ಆದರೆ ನೀವು ಹಾಸಿದ್ದು ಲಿನೋಲಿಯಂ ಅಲ್ಲ, ವಿನೈಲ್. ಅಂದರೆ ಪಿವಿಸಿ ಹಾಳೆ. ನಮ್ಮ ಕಡೆ ಸುರುಳಿಯಲ್ಲಿ ಸಿಗುವ ಎಲ್ಲದಕ್ಕೂ ಲಿನೋಲಿಯಂ ಅನ್ನುವ ರೂಢಿ ಬಿದ್ದುಬಿಟ್ಟಿದೆ. ಮರದ ಡಿಸೈನು, ಟೈಲ್ಸ್ ಡಿಸೈನು ಇದ್ದರೆ ಬಹುಮಟ್ಟಿಗೆ ಅದು ಪ್ರಿಂಟ್ ಮಾಡಿದ ವಿನೈಲೇ. ಅಡಿಯ ಉಸಿರು ಕಟ್ಟಿಸುತ್ತದೆ. ಮಣ್ಣಿನ ನೆಲದಿಂದ ಏಳುವ ಶೀತ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೊಳೆಯುತ್ತದೆ.

ತುಂಗೆ ದಂಡೆಯವರೇ, ನಿಮ್ಮ ಮೇಜಿನದು ಯಾವುದು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅಂಚಿನಲ್ಲಿ ಒಂದು ಚೂರು ಕತ್ತರಿಸಿ ಅಡ್ಡಕೊಯ್ತ ನೋಡಿ. ಒಳ್ಳೆ ಲಿನೋಲಿಯಂನಲ್ಲಿ ಬಣ್ಣ ತಳದವರೆಗೂ ಒಂದೇ ಇರುತ್ತದೆ. ಹಿಂದೆ ಸೆಣಬಿನ ಬಟ್ಟೆ ಇರುತ್ತದೆ, ಪೀಠೋಪಕರಣಕ್ಕೆ ಬರುವ ತೆಳುವಾದದ್ದರಲ್ಲಿ ಕಾಗದ ಇರುತ್ತದೆ. ಕಾಯಿಸಿದ ಸೂಜಿ ಚುಚ್ಚಿ. ವಿನೈಲ್ ಆದರೆ ಕರಗಿ ತೂತು ಬೀಳುತ್ತದೆ. ಲಿನೋಲಿಯಂ ಕರಗುವುದಿಲ್ಲ, ಕರಕಲಾಗುತ್ತದೆ. ವಾಸನೆಯಲ್ಲೂ ಗೊತ್ತಾಗುತ್ತದೆ.

ಬಣ್ಣದ ಪೆಟ್ಟಿಗೆ:
ವಾಸನೆ ವಿಷಯ ಸರಿ. ನಾನು ಚಿತ್ರಕಲೆ ಹೇಳಿಕೊಡುತ್ತೇನೆ. ಲೈನೋಕಟ್ ಅಂತ ಅಚ್ಚು ಕೆತ್ತುತ್ತೇವಲ್ಲ, ಆ ಲೈನೋ ಅಂದರೆ ಇದೇ. ಹೊಸ ಹಾಳೆಗೆ ಉಳಿ ಹಾಕಿದ ಕೂಡಲೇ ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ. ಚಿತ್ರಕಲಾ ಸಾಮಾನಿನ ಅಂಗಡಿಯಲ್ಲಿ ಅಂಗೈಯಗಲದ ತುಂಡು ಸಿಗುತ್ತದೆ. ಒಂದು ತಂದು ಮನೆಯಲ್ಲಿಟ್ಟು ಮುಟ್ಟಿ, ಮೂಸಿ, ನೀರು ಹಾಕಿ ನೋಡಿ. ಕೆಲವು ಈಗ ರಬ್ಬರಿನದ್ದು ಬರುತ್ತದೆ, ಕೇಳಿ ತಗೊಳ್ಳಿ. ಥಂಡಿ ದಿನ ಲೈನೋ ಸುರುಳಿ ಬಿಚ್ಚಬೇಡಿ, ಬಿರುಕು ಬಿಡುತ್ತದೆ. ನಾವು ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಕೆತ್ತುವುದು.

ರಸಾಯನದ ಮೇಷ್ಟ್ರು:
ಅಗಸೆ ಎಣ್ಣೆಯ ಮಾತು ಬಂತು. ಇಡೀ ವಿಷಯದ ಕೀಲಿಕೈ ಅಲ್ಲೇ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ರೆಡರಿಕ್ ವಾಲ್ಟನ್ ಅಂತ ಇಂಗ್ಲೆಂಡಿನವನು. ಅಗಸೆ ಎಣ್ಣೆಯ ಬಣ್ಣ ಇಟ್ಟಿದ್ದ ಡಬ್ಬಿಯಲ್ಲಿ ಮೇಲೆ ಕೆನೆಯ ಹಾಗೆ ಪದರ ಕಟ್ಟಿದ್ದನ್ನು ಗಮನಿಸಿದ. ರಬ್ಬರಿನ ಹಾಗೆ ಬಾಗುತ್ತಿತ್ತು. ಅದರ ಬೆನ್ನು ಹತ್ತಿ 1863ರಲ್ಲಿ ಪೇಟೆಂಟ್ ಪಡೆದ, ಮರುವರ್ಷ ಲಂಡನ್ ಹತ್ತಿರದ ಸ್ಟೇನ್ಸ್‌ನಲ್ಲಿ ಕಾರ್ಖಾನೆ ಹಾಕಿದ. ಲ್ಯಾಟಿನ್‌ನಲ್ಲಿ ಲಿನಂ ಅಂದರೆ ಅಗಸೆ, ಓಲಿಯಂ ಅಂದರೆ ಎಣ್ಣೆ. ಗಾಳಿಗೆ ಗಟ್ಟಿಯಾದ ಎಣ್ಣೆ, ಪೈನ್ ಮರದ ರಾಳ, ಬೂಚಿನ ಪುಡಿ, ಮರದ ಪುಡಿ, ಸುಣ್ಣಕಲ್ಲಿನ ಪುಡಿ, ಬಣ್ಣ. ಇಷ್ಟನ್ನೂ ಕಲಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ, ಎತ್ತರದ ಕೋಣೆಗಳಲ್ಲಿ ವಾರಗಟ್ಟಲೆ ಜೋತು ಹಾಕಿ ಒಣಗಿಸುತ್ತಾರೆ. ನಮ್ಮ ದೇಶದಲ್ಲೂ ಕೋಲ್ಕತ್ತಾ ಹತ್ತಿರದ ಬಿರ್ಲಾಪುರದಲ್ಲಿ ಇಂಡಿಯಾ ಲಿನೋಲಿಯಮ್ಸ್ ಅಂತ ಕಾರ್ಖಾನೆ ಇತ್ತು.

ಅಂದರೆ ಇದು ಗಟ್ಟಿ ಮಾಡಿದ ಎಣ್ಣೆ. ಎಣ್ಣೆಗೆ ಕ್ಷಾರ ಸೇರಿದರೆ ಏನಾಗುತ್ತದೆ? ಸೋಪು ಆಗುತ್ತದೆ. ಬಟ್ಟೆ ಸೋಪು ಮಾಡುವುದೂ ಹಾಗೇ ಅಲ್ವಾ. ಲಿನೋಲಿಯಂಗೆ ನೀರಿಗಿಂತ ದೊಡ್ಡ ಶತ್ರು ಕ್ಷಾರ. ವಾಷಿಂಗ್ ಸೋಡಾ, ಬ್ಲೀಚಿಂಗ್ ಪುಡಿ, ಅಮೋನಿಯಾ ಇರುವ ಕ್ಲೀನರ್, ಪಾತ್ರೆ ತಿಕ್ಕುವ ಬೂದಿ, ಇವೆಲ್ಲ ಅದನ್ನು ಕಪ್ಪಾಗಿಸಿ ಪುಡಿ ಮಾಡುತ್ತವೆ. ಹಸಿ ಸಿಮೆಂಟೂ ಅಷ್ಟೇ. ಸಿಮೆಂಟಿನೊಳಗಿನ ಒದ್ದೆ ಮೇಲೆ ಬರುವಾಗ ಕ್ಷಾರವನ್ನೂ ಹೊತ್ತು ತರುತ್ತದೆ. ಕಟ್ಟೆಯ ಸಿಮೆಂಟಿನ ಮೇಲೆ ನೇರ ಅಂಟಿಸುವ ಯೋಚನೆ ಇದ್ದರೆ ಬಿಡಿ.

ಒಂದು ಪ್ರಶ್ನೆ. ನಿಮ್ಮ ಅಜ್ಜ ಎಲೆ ಅಡಿಕೆ ಹಾಕುತ್ತಿದ್ದರಾ?

ತುಂಗೆ ದಂಡೆ:
ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ಅಜ್ಜ ದಿನಕ್ಕೆ ಹತ್ತು ಸಲ ಎಲೆ ಹಾಕುತ್ತಿದ್ದರು. ಈಗಷ್ಟೇ ಅಪ್ಪನಿಗೆ ಕೇಳಿದೆ. ಸುಣ್ಣದ ಕಾಯಿ ಇಡುತ್ತಿದ್ದದ್ದು ಮೇಜಿನ ಬಲಗಡೆ ಮೂಲೆಯಲ್ಲೇ ಅಂತೆ. ಬೆರಳಿಗೆ ಹೆಚ್ಚಾದ ಸುಣ್ಣವನ್ನು ಅಲ್ಲೇ ಒರೆಸುತ್ತಿದ್ದರಂತೆ. ಸುಣ್ಣವೂ ಕ್ಷಾರವೇ ಅಲ್ವಾ. ಅಜ್ಜ ಹೋಗಿ ಇಪ್ಪತ್ತೆರಡು ವರ್ಷ ಆಯಿತು. ಆ ಗುಳಿಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ಸೂಜಿ ಚುಚ್ಚಿ ನೋಡಿದೆ. ಕರಗಲಿಲ್ಲ. ಅಂಚಿನಲ್ಲಿ ಸೆಣಬಿನ ಎಳೆ ಕಾಣುತ್ತದೆ.

ಕಾವಿ ನೆಲ:
ನಾನು ಬೇರೆಯದೇ ಹೇಳುತ್ತೇನೆ. ಕಟ್ಟೆ ಕಾವಿಯದು ಅಂದಿರಿ. ಅದನ್ನು ಯಾಕೆ ಮುಚ್ಚಬೇಕು? ಒಂದು ಮೂಲೆ ಹೋಗಿದ್ದಕ್ಕೆ ಇಡೀ ಕಟ್ಟೆಗೆ ಹೊದಿಕೆ ಹಾಕುವುದು ಬೇಡ. ಪುಡಿಯಾದ ಭಾಗ ಕೆತ್ತಿ ತೆಗೆದು, ಸಿಮೆಂಟು ಮತ್ತು ಕಾವಿ ಪುಡಿ ಹದವಾಗಿ ಕಲಸಿ ಹಾಕಿ, ನೀರು ಕುಡಿಸಿ, ಕೈಕರಣೆಯಲ್ಲಿ ತಿಕ್ಕಿದರೆ ಮತ್ತೆ ಐವತ್ತು ವರ್ಷಕ್ಕೆ ಯೋಚನೆಯಿಲ್ಲ. ಬಣ್ಣ ಪೂರ್ತಿ ಹೊಂದುವುದಿಲ್ಲ, ತೇಪೆ ಕಾಣುತ್ತದೆ. ತೆಂಗಿನೆಣ್ಣೆ ಹಾಕಿ ಒರೆಸುತ್ತ ಬಂದರೆ ವರ್ಷ ಕಳೆಯುವಾಗ ಕೂಡಿಕೊಳ್ಳುತ್ತದೆ. ಮಲೆನಾಡಿನಲ್ಲಿ ಕಾವಿ ಕೆಲಸ ಬಲ್ಲ ಗಾರೆಯವರು ಒಬ್ಬೊಬ್ಬರೇ ಕಡಿಮೆ ಆಗುತ್ತಿದ್ದಾರೆ. ಇದ್ದಾಗ ಮಾಡಿಸಿಕೊಳ್ಳಿ.

ಅಡಿಕೆ ಚೊಗರು:
ಕಾವಿಯವರ ಮಾತಿಗೆ ನನ್ನ ಓಟು. ಬಚ್ಚಲ ಹತ್ತಿರ, ನೀರು ಬೀಳುವಲ್ಲಿ ಕಲ್ಲು ಅಥವಾ ಕಾವಿ ಬಿಟ್ಟು ಬೇರೇನೂ ನಿಲ್ಲುವುದಿಲ್ಲ.

ಸೊರಬದ ಸೊಸೆ:
ಬಡಗಿ ಅಣ್ಣ, ಇಷ್ಟು ವರ್ಷ ಲಿನೋಲಿಯಂ ಅಂದುಕೊಂಡೇ ಬೈದೆ. ಈಗ ಗೊತ್ತಾಯಿತು. ಒಂದು ಕೇಳಬೇಕಿತ್ತು. ತವರಿನಲ್ಲಿ ಹಳೇ ಕಾಲದ ಪ್ಲಾಸ್ಟಿಕ್ ಟೈಲ್ಸ್ ಇದೆ, ಅಡಿಗೆ ಕಪ್ಪು ಅಂಟು. ಕಿತ್ತು ಉಜ್ಜಿಸಿ ತೆಗೆಸಬೇಕು ಅಂತ ತಮ್ಮ ಹೊರಟಿದ್ದಾನೆ.

ರಸಾಯನದ ಮೇಷ್ಟ್ರು:
ನಿಲ್ಲಿಸಲು ಹೇಳಿ ಅಕ್ಕಾ. ಹಳೆ ಕಾಲದ ಕೆಲವು ವಿನೈಲ್ ಟೈಲ್ಸ್, ಕೆಲವು ಹಾಳೆಗಳ ಬೆನ್ನು, ಆ ಕಪ್ಪು ಅಂಟು, ಇವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಸುಮ್ನೆ ಬಿದ್ದಿದ್ದರೆ ಅಪಾಯ ಕಡಿಮೆ. ಮಷಿನ್ ಹಾಕಿ ಒಣ ಉಜ್ಜಿದರೆ ಧೂಳು ಎದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿಯಾಗಿದ್ದರೆ ಹಾಗೇ ಬಿಟ್ಟು ಮೇಲೆ ಬೇರೆ ಹೊದಿಸುವುದು ಒಳ್ಳೆಯದು. ತೆಗೆಯಲೇಬೇಕು ಅಂದರೆ ಮೊದಲು ತುಂಡು ಕೊಟ್ಟು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲಿ.

ಹೊಸನಗರದ ಹೋಂಸ್ಟೇ:
ಲಿನೋಲಿಯಂ ಮೇಲೆ ದಿನಾ ಕೆಲಸ ಮಾಡುವವಳು ನಾನು. ತಡವಾಗಿ ನೋಡಿದೆ, ಬರೆಯದೆ ಇರಲಾಗಲಿಲ್ಲ.

ನಮ್ಮ ಊಟದ ಮನೆಯ ಮೂರು ಮೇಜಿಗೆ, ಅಡುಗೆ ಮನೆಯಲ್ಲಿ ತರಕಾರಿ ಹೆಚ್ಚುವ ಹಲಗೆಗೆ ಪೀಠೋಪಕರಣದ ಲಿನೋಲಿಯಂ ಹಾಕಿಸಿ ಆರು ಮಳೆಗಾಲ ಕಳೆದಿದೆ. ಎರಡು ಮಿಲಿಮೀಟರ್ ದಪ್ಪ, ಹಿಂದೆ ಕಾಗದ. ಆರಡಿ ಅಗಲದ ಸುರುಳಿಯಲ್ಲಿ ಬರುತ್ತದೆ. ಹುಲಿಕಲ್ ಕಡೆಯ ಮಳೆ ಎಂಥದು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಜುಲೈನಲ್ಲಿ ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಬರುತ್ತದೆ, ಮೇಜಿಗೆ ಬರಲಿಲ್ಲ. ಮೊದಲ ವರ್ಷ ಮಾತ್ರ ಬಂತು, ಅದು ನನ್ನದೇ ತಪ್ಪಿಗೆ. ಹೊಳಪು ಬರಲಿ ಅಂತ ಹಸಿ ಅಗಸೆ ಎಣ್ಣೆ ಒರೆಸಿದ್ದೆ. ಥಂಡಿಗೆ ಎಣ್ಣೆ ಒಣಗಲೇ ಇಲ್ಲ. ಅಂಟಂಟಾಗಿ, ಅದರ ಮೇಲೆ ಬೂದು ಬಣ್ಣದ ಬೂಷ್ಟು ಹತ್ತಿಬಿಟ್ಟಿತು. ಈಗ ಜೇನುಮೇಣದ ಪಾಲಿಶ್ ಮಾತ್ರ, ವರ್ಷಕ್ಕೆ ಎರಡು ಸಲ. ಬೇಸಿಗೆಯಲ್ಲಿ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ.

ಎಣ್ಣೆ ಬಟ್ಟೆಯ ಬಗ್ಗೆ ಎಲ್ಲರೂ ನೆನಪಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಸೋಗೆಯೋ ದರಗೋ ಇದ್ದರೆ ಮನೆಯೇ ಹೋದೀತು. ಹೊರಗೆ ಹರಡಿ ಒಣಗಿಸಿ, ಇಲ್ಲ ನೀರಿನ ಬಕೆಟ್ಟಿಗೆ ಹಾಕಿ.

ಕಲೆಯ ವಿಷಯ. ಅರಿಶಿನದ ಕಲೆ ಕೂಡಲೇ ಒರೆಸಿದರೆ ಹೋಗುತ್ತದೆ, ರಾತ್ರಿ ಬಿಟ್ಟರೆ ಉಳಿಯುತ್ತದೆ. ಅಡಿಕೆ ಚೊಗರು ಒಮ್ಮೆ ಚೆಲ್ಲಿತ್ತು, ಅದರ ಗುರುತು ಇವತ್ತಿಗೂ ಇದೆ. ಕುದಿಯುವ ಸಾರಿನ ಪಾತ್ರೆಯನ್ನು ನೇರ ಇಡುವಂತಿಲ್ಲ, ಸಿಂಬಿ ಇಟ್ಟೇ ಇಡಬೇಕು. ಒಬ್ಬ ಅತಿಥಿ ಇಟ್ಟ ಬಿಸಿ ಕುಕ್ಕರಿನ ಉಂಗುರ ಹಾಗೇ ಉಳಿದಿದೆ. ಚಾಕುವಿನ ಗೀರಿಗೆ ಮಾತ್ರ ಹೆದರಬೇಡಿ. ಅದೇ ಹಾಳೆಯ ಉಳಿಕೆ ತುಂಡನ್ನು ಕೆರೆದು ಪುಡಿ ಮಾಡಿ, ಮರದ ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ನಯವಾಗಿ ಉಜ್ಜಿದರೆ ಎಲ್ಲಿತ್ತು ಅಂತ ಹುಡುಕಬೇಕು. ಹಾಗಾಗಿ ಉಳಿದ ತುಂಡು ಬಿಸಾಕಬೇಡಿ.

ತೊಳೆಯುವುದಕ್ಕೆ ಮೊದಲಿನಿಂದಲೂ ಅಂಟುವಾಳ ಕಾಯಿ ನೀರು. ಸೋಪಿನ ಪುಡಿ ಮುಟ್ಟಿಸಿಲ್ಲ.

ರಸಾಯನದ ಮೇಷ್ಟ್ರು:
ಅಂಟುವಾಳ ಸರಿಯಾದ ಆಯ್ಕೆ. ಅದರ ನೊರೆ ಸ್ವಲ್ಪ ಹುಳಿ ಕಡೆಗಿರುತ್ತದೆ, ಕ್ಷಾರವಲ್ಲ. ಸೀಗೆಕಾಯಿಯೂ ಹಾಗೇ. ಬೂದಿ ನೀರು ಪೂರ್ತಿ ಉಲ್ಟಾ. ಹೊರಗಿನ ಕ್ಲೀನರ್ ತರುವುದಾದರೆ ಪಿಎಚ್ 7ರ ಆಸುಪಾಸಿನದು ತನ್ನಿ.

ತುಂಗೆ ದಂಡೆ:
ಇಷ್ಟೆಲ್ಲ ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು. "ನೀರು ಹೊಯ್ದು ತೊಳೆಯಲು ಆಗದ ಮೇಲೆ ಅದೆಂಥ ಅಡುಗೆ ಕಟ್ಟೆ?" ನಮ್ಮದು ಊಟ ಆದ ಮೇಲೆ ಗೋಮೆ ಇಡುವ, ಅಂದರೆ ಸೆಗಣಿ ಹಾಕಿ ಒರೆಸುವ ಮನೆ. ದಿನಾ ಕಟ್ಟೆಗೆ ನಾಲ್ಕು ಚೊಂಬು ನೀರು ಬೀಳುತ್ತದೆ. ಅಮ್ಮನದು ತಪ್ಪು ಅಂತ ಹೇಳಲಾರೆ.

ಸಾಗರದ ಬಡಗಿ:
ಅಮ್ಮ ಕೇಳಿದ್ದು ನ್ಯಾಯವಾಗಿದೆ. ನೀರು ಮೇಲಿನಿಂದ ಬಿದ್ದು ಒರೆಸಿದರೆ ಲಿನೋಲಿಯಂಗೆ ಏನಿಲ್ಲ. ಅಂಚಿನಿಂದ ಒಳಗೆ ನುಗ್ಗಿದರೆ ಸೆಣಬೋ ಕಾಗದವೋ ಕೊಳೆತು ಎದ್ದು ಬರುತ್ತದೆ. ದಿನಾ ನೀರು ಹೊಯ್ಯುವ ಜಾಗಕ್ಕೆ ಅದು ಹೇಳಿದ್ದಲ್ಲ.

ನನ್ನ ಸಲಹೆ ಇದು. ಕಟ್ಟೆಯನ್ನು ಎರಡು ಭಾಗ ಮಾಡಿ. ಬಚ್ಚಲ ಕಡೆ ನಾಲ್ಕು ಅಡಿ ಕಾವಿ ರಿಪೇರಿ ಮಾಡಿಸಿ, ಆಗದಿದ್ದರೆ ಕಡಪ ಕಲ್ಲು ಹಾಕಿ. ಒಲೆಯೂ ಆ ಕಡೆಗೇ ಇರಲಿ. ಉಳಿದ ಐದಡಿಯ ಮೇಲೆ ಎತ್ತಿ ಇಡಬಹುದಾದ ಹಲಗೆ ಮಾಡಿ, ಅದಕ್ಕೆ ಲಿನೋಲಿಯಂ ಹಾಕಿ. ಚಪಾತಿ ಲಟ್ಟಿಸುವುದು, ತರಕಾರಿ ಹೆಚ್ಚುವುದು, ಲೋಟ ತಟ್ಟೆ ಇಡುವುದು ಎಲ್ಲ ಅಲ್ಲಿ. ಹಲಗೆಯ ಅಡಿಗೆ ಅರ್ಧ ಇಂಚಿನ ರೀಪು ಹೊಡೆದು ಗಾಳಿ ಆಡಲು ಬಿಡಿ. ಗೋಡೆಗೂ ತಾಗಿಸಬೇಡಿ. ಮಣ್ಣಿನ ಗೋಡೆ ಮಳೆಗಾಲ ಪೂರ್ತಿ ಒದ್ದೆ ಉಸಿರಾಡುತ್ತಿರುತ್ತದೆ.

ಪ್ಲೈವುಡ್ ಐಎಸ್ 710 ಮುದ್ರೆ ಇರುವುದೇ, ಅಂದರೆ ನೀರು ತಡೆಯುವ ಮರೈನ್ ಪ್ಲೈಯೇ ಬೇಕು. ತೇವ ಮಾತ್ರ ತಡೆಯುವ ಐಎಸ್ 303 ಎಂಆರ್ ಅಂತ ಕಡಿಮೆ ಬೆಲೆಗೆ ಕೊಡುತ್ತಾರೆ, ನಮ್ಮ ಮಳೆಗೆ ಅದು ಪದರ ಬಿಡುತ್ತದೆ. ಮೇಲೆ ಮಾತ್ರ ಅಂಟಿಸಿದರೆ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಅಡಿಗೂ ಒಂದು ಹಾಳೆ, ಲ್ಯಾಮಿನೇಟ್ ಆದರೂ ಸರಿ, ಅಂಟಿಸಿ ಸಮ ಮಾಡಬೇಕು. ಹಾಳೆಯನ್ನು ಎರಡು ದಿನ ಅದೇ ಕೋಣೆಯಲ್ಲಿ ಬಿಚ್ಚಿ ಇಟ್ಟು, ಅಳತೆಗಿಂತ ಅರ್ಧ ಇಂಚು ಜಾಸ್ತಿ ಕತ್ತರಿಸಿ, ಅಂಟಿಸಿದ ಮೇಲೆ ಅಂಚು ಸವರಿ. ಕಾಗದದ ಬೆನ್ನಿಗೆ ನೀರು ತಡೆಯುವ ಬಿಳಿ ಮರದಂಟು ಸಾಕು. ಉಬ್ಬು ಉಳಿಯದ ಹಾಗೆ ನಡುವಿನಿಂದ ಹೊರಕ್ಕೆ ಉರುಳೆ ಎಳೆದು, ತೂಕ ಹೇರಿ ಒಂದು ರಾತ್ರಿ ಬಿಡಿ. ಸುತ್ತ ಸಾಗುವಾನಿ ಪಟ್ಟಿ ಕಟ್ಟಿ. ಪಟ್ಟಿ ಮತ್ತು ಹಾಳೆ ಕೂಡುವಲ್ಲಿ ಉಗುರು ಸಿಕ್ಕಬಾರದು. ಉಗುರು ಸಿಕ್ಕಿದ ಕಡೆ ನೀರೂ ಇಳಿಯುತ್ತದೆ.

ಕಾವಿ ನೆಲ:
ಇದಕ್ಕೆ ನಾನು ಒಪ್ಪುತ್ತೇನೆ. ಕಾವಿ ಉಳಿಯಿತು, ಅಷ್ಟು ಸಾಕು.

ಉಪ್ಪರಿಗೆ:
ನೆಲಕ್ಕೆ ಪೂರ್ತಿ ಬೇಡವೇ ಹಾಗಾದರೆ? ನಮ್ಮ ಉಪ್ಪರಿಗೆಯದು ಮರದ ಹಲಗೆ ನೆಲ, ಕೆಳಗೆ ನಡುಮನೆ. ಸಂದಿಯಿಂದ ಧೂಳು ಬೀಳುತ್ತದೆ.

ಸಾಗರದ ಬಡಗಿ:
ಉಪ್ಪರಿಗೆಗೆ ಹಾಕಬಹುದು. ಕೆಳಗಿನಿಂದ ಶೀತ ಏಳುವುದಿಲ್ಲ. ಹೆಂಚು ಸೋರುವ ಜಾಗ ಮಾತ್ರ ಮೊದಲು ಸರಿ ಮಾಡಿ. ಹಲಗೆ ಮೇಲೆ ನೇರ ಹಾಸಬೇಡಿ, ಸಂದಿಯ ಗೆರೆ ಮೇಲೆ ಮೂಡುತ್ತದೆ. ನಡುವೆ ತೆಳು ಪ್ಲೈ ಹಾಕಿ. ಕೆಳಗಿನ ನೆಲದ ಬಗ್ಗೆ ಅನುಮಾನ ಇದ್ದವರು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ನೆಲದ ಮೇಲೆ ಬಿಡಿ. ಅಡಿಗೆ ಹನಿ ಕಟ್ಟಿದ್ದರೆ ಏನನ್ನೂ ಹಾಸಬೇಡಿ. ಬೇಸಿಗೆಯಲ್ಲಿ ಒಣ ಇದೆ ಅಂತ ಮೋಸ ಹೋಗಬೇಡಿ, ಆಗಸ್ಟಿನಲ್ಲಿ ನೋಡಿ.

ತುಂಗೆ ದಂಡೆ:
ಎಲ್ಲರ ಮಾತು ಕೇಳಿ ಕೆಲಸ ಶುರು ಮಾಡಿದ್ದೇವೆ. ಹಾಳೆ ಬಂತು. ಬಿಚ್ಚಿದರೆ ಬೂದು ಬಣ್ಣದ ಮೇಲೆ ಹಳದಿ ಛಾಯೆ! ಕೇಳಿದ್ದು ತಿಳಿ ಬೂದು. ವಾಪಸ್ ಕಳಿಸಲೇ?

ಹೊಸನಗರದ ಹೋಂಸ್ಟೇ:
ಕಳಿಸಬೇಡಿ. ಕತ್ತಲಲ್ಲಿ ಸುರುಳಿ ಸುತ್ತಿಟ್ಟದ್ದಕ್ಕೆ ಅಗಸೆ ಎಣ್ಣೆ ಹಾಗೆ ಹಳದಿ ತಿರುಗುತ್ತದೆ. ಕಿಟಕಿ ಬೆಳಕಿಗೆ ಹರಡಿ ಇಡಿ, ಕೆಲವು ದಿನದಲ್ಲಿ ಹೋಗುತ್ತದೆ. ಮೇಲೆ ಡಬ್ಬಿ ಗಿಬ್ಬಿ ಇಡಬೇಡಿ, ಆ ಜಾಗ ಮಾತ್ರ ಹಳದಿಯಾಗಿ ಉಳಿದು ಗಾಬರಿ ಆಗುತ್ತದೆ. ಅದೂ ಬೆಳಕು ಕಂಡ ಮೇಲೆ ಹೋಗುತ್ತದೆ.

ತುಂಗೆ ದಂಡೆ:
ಸೆಪ್ಟೆಂಬರ್ ಬಂತು. ಹೇಗಿದೆ ಅಂತ ಬರೆಯಬೇಕು ಅಂದುಕೊಂಡೇ ಇದ್ದೆ.

ಬಚ್ಚಲ ಕಡೆ ಕಾವಿ ತೇಪೆ ಆಯಿತು. ಬಣ್ಣ ಒಂದು ಗುಲಗಂಜಿಯಷ್ಟು ಹೆಚ್ಚು ಕೆಂಪು. ಅಮ್ಮ ಅಲ್ಲಿ ಮನಸಾರೆ ನೀರು ಹೊಯ್ಯುತ್ತಾರೆ. ಈ ಕಡೆ ಐದಡಿ ಹಲಗೆ. ಪುನರ್ವಸು, ಪುಷ್ಯ, ಆಶ್ಲೇಷ ಮೂರೂ ಮಳೆ ಕಳೆದವು. ಹಲಗೆ ಎತ್ತಿ ಅಡಿ ನೋಡಿದೆ. ಕಟ್ಟೆಯ ಮೇಲೆ ತೆಳುವಾಗಿ ಬೆವರು ಇತ್ತು, ಹಲಗೆಯ ಅಡಿ ಒಣಗಿತ್ತು. ರೀಪು ಹೊಡೆಸಿದ್ದು ಕೆಲಸ ಮಾಡಿದೆ. ಬಲಗಡೆ ಪಟ್ಟಿಯ ಒಂದು ಮೂಲೆಯಲ್ಲಿ ಉಗುರು ಸಿಕ್ಕುವಷ್ಟು ಸಂದಿ ಬಿಟ್ಟಿದೆ. ಬಿಸಿಲು ಬಂದ ಮೇಲೆ ಬಿಚ್ಚಿ ಮತ್ತೆ ಅಂಟಿಸಬೇಕು, ಅಲ್ಲಿಯವರೆಗೆ ಮೇಣ ತುಂಬಿದ್ದೇನೆ.

ಗಾಜಿನ ಲೋಟ ಎರಡು ಸಲ ಕೈ ಜಾರಿತು. ಒಡೆಯಲಿಲ್ಲ. ಅಮ್ಮ ಈಗ ತರಕಾರಿ ಹೆಚ್ಚಲು ಮಣೆ ಬಿಟ್ಟು ಇಲ್ಲೇ ನಿಲ್ಲುತ್ತಾರೆ, ಮೊಣಕೈ ಊರಿದರೆ ಥಂಡಿ ಹೊಡೆಯುವುದಿಲ್ಲ ಅನ್ನುತ್ತಾರೆ. ಅಂಟುವಾಳ ನೀರಿನ ಬಾಟಲಿ ಕಿಟಕಿಯಲ್ಲಿದೆ. ಬೂದಿ ಡಬ್ಬಿಯನ್ನು ಬಚ್ಚಲ ಹೊರಗೆ ಇಟ್ಟಿದ್ದೇವೆ.

ಅಜ್ಜನ ಮೇಜು ಜಗಲಿಗೆ ಬಂತು. ಗುಳಿ ತುಂಬಿಸುವ ಪುಡಿ, ಅಂಟು ಎಲ್ಲ ಸಿದ್ಧವಿತ್ತು. ಅಪ್ಪ ಬೇಡ ಅಂದರು. ಅದರ ಮೇಲೆ ಈಗ ಅವರ ಕನ್ನಡಕದ ಡಬ್ಬಿ ಇರುತ್ತದೆ.

ಸೊರಬದ ಸೊಸೆ:
ಹಲಗೆಯ ಅಳತೆ ಮತ್ತು ರೀಪಿನ ಫೋಟೋ ಹಾಕಿ. ಬಿಸಿಲು ಬಂದ ಮೇಲೆ ನಮ್ಮ ಊಟದ ಮೇಜಿಗೆ ಮಾಡಿಸುತ್ತೇನೆ.